ಗೀರು ಹಾಕಿದ ಗುಳಗಿ

ಬೆಂಗೇರಿ, ಹುಬ್ಬಳ್ಳಿ
ಸೋಮವಾರ, ೭-೧೨-೧೯೯೮

ವಿದ್ಯಾನ ಅಪ್ಪಾರಿಗೆ ದ್ರಾಕ್ಷಾಯಿಣಿಯ ನಮಸ್ಕಾರ.

ನೀವು ಹ್ಯಾಂಗದೀರಿ? ಕೆಮ್ಮು ಕಡಿಮಿ ಆತೇನ್ರಿ? ಹ್ವಾದ ಪತ್ರದಾಗ ‘ನಾ ಆರಾಮ ಅದೇನಿ’ ಅಂತ ಮೂರು ಸಲ ಬರದೀರಿ. ಒಂದ ಸಲ ಬರದಿದ್ರ ನಂಬತಿದ್ನಿ. ಮೂರು ಸಲ ಬರದೀರಂದ್ರ ಏನೋ ಮುಚ್ಚಾಕತ್ತೀರಿ. ಆ ಆಸಾಮದ ಥಂಡಿಯೊಳಗ ಮಿಲ್ಟ್ರಿ ಲಾರಿ ಹೊಡಿಯೂ ಮನಷಾಗ ಕೆಮ್ಮು ತಾನ ಹೋಗೂದಿಲ್ಲ. ನಾ ಕಳಿಸಿದ ಶುಂಠಿ ಕಷಾಯದ ಪುಡಿ ಕುಡ್ಯಾಕತ್ತೀರೋ, ಇಲ್ಲಾ ಜೋಡೀದಾರರಿಗೆಲ್ಲ ಹಂಚಿ ಕೈ ಝಾಡಿಸ್ಕೊಂಡು ಕುಂತೀರೋ? ಹಂಚೂ ಚಟ ನಿಮ್ಮ ಮನಿತನಕ್ಕ ಐತಿ. ಅದನ್ನ ಮುಂದ ಹೇಳ್ತೇನಿ, ಇವತ್ತಿನ ಪತ್ರ ಅದಕ್ಕ ಐತಿ.

ವಿದ್ಯಾ ಆರಾಮ ಅದಾಳ. ಪರೀಕ್ಷಾದಾಗ ಗಣಿತಕ್ಕ ಐವತ್ತಕ್ಕ ನಲವತ್ತೊಂದು ತಂದ್ಳು. ಪೇಪರ್ ಇಸ್ಕೊಂಡು ನಾನ ಇನ್ನೊಮ್ಮೆ ಕೂಡಿಸಿ ನೋಡಿದ್ನಿ, ಮಾಸ್ತರ್ ಎರಡು ಬಿಟ್ಟು ಕೂಡಿಸಿದ್ರು. ಸಾಲಿಗೆ ಹೋಗಿ ನಲವತ್ತಮೂರು ಮಾಡಿಸ್ಕೊಂಡು ಬಂದ್ನಿ. ನೀವು ನನಗ ಸಿಐಡಿ ಅಂತ ನಗ್ತೀರಿ. ನಗ್ರಿ. ಬೆಂಗೇರಿ ಸಂತ್ಯಾಗ ಉಳ್ಳಾಗಡ್ಡಿ ತೂಗಾವ ತಕ್ಕಡಿ ಕೆಳಗ ಹುಣಸಿಹಣ್ಣು ಹಚ್ಚಿದ್ದನ್ನ ಹಿಡದಾಕಿ ಯಾರು? ಇವನ್ನೆಲ್ಲ ಫೋನಿನ್ಯಾಗ ಹೇಳೂಣಂದ್ರ ಎಸ್‌ಟಿಡಿ ಬೂತಿನ ಅಮರೇಶ ಪೇಪರ್ ಓದಿದಂಗ ಮಾಡ್ಕೋತ ಕಿವಿ ಇತ್ತಾಗ ಇಟ್ಟಿರ್ತಾನ. ಅರ್ಧ ತಾಸು ಆದ್ರೂ ಹಾಳಿ ತಿರುವೂದಿಲ್ಲ. ಅದಕ್ಕ ಬರ್ಯಾಕತ್ತೇನಿ. ಸಾವಕಾಶ ಓದ್ರಿ, ಓದಿ ಸಿಟ್ಟಿಗೇಳಬ್ಯಾಡ್ರಿ. ಸಿಟ್ಟಿಗೇಳೂದಿದ್ರ ನನ್ನ ಪರವಾಗಿ ಏಳ್ರಿ.

ನಿಮ್ಮ ಅವ್ವಾರು ಇವತ್ತಿಗೆ ಆರು ದಿನ ಆತು, ನನ್ನ ಕೈಲೆ ಒಂದು ತುತ್ತು ತೊಗೊಂಡಿಲ್ಲ. ವಿದ್ಯಾ ಸಾಲಿಂದ ಬಂದು ನೀಡಿದ್ರ ಉಣ್ತಾರ. ಮುಂಜಾನಿ ಆಕಿ ಹೋಗೂ ಮುಂಚೆ ಇಟ್ಟ ಅವಲಕ್ಕಿ ತಿಂತಾರ. ನಾ ಮುಂದ ನಿಂತ್ರ ಗ್ವಾಡಿ ಕಡೆ ಮುಖ ಮಾಡಿ ಮಲಗ್ತಾರ. ಹದಿಮೂರು ವರ್ಷದಾಗ ನಮ್ಮಿಬ್ಬರ ನಡುವ ಮಾತಿಗೆ ಮಾತು ಬೆಳದಾವು, ಇಲ್ಲಂಗಿಲ್ಲ, ಆದ್ರ ಅನ್ನದ ಮ್ಯಾಲೆ ಸಿಟ್ಟು ಎಂದೂ ಬಂದಿರಲಿಲ್ಲ. ನನ್ನ ತಪ್ಪೇನು ಅಂತ ಕೇಳ್ತೀರಲ್ಲ, ಹೇಳ್ತೇನಿ. ಅವರ ಔಷಧಿ ಕಾದದ್ದು ನನ್ನ ತಪ್ಪು! ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ, ನನ್ನ ಕಾಲ ಯಾವಾಗ ಬರ್ತೈತೋ ಆ ಫಕೀರೇಶಜ್ಜನ ಬಲ್ಲ.

ಮೊದಲಿಂದ ಹೇಳ್ತೇನಿ, ನನ್ನ ಹಿಂದಿನ ಪತ್ರದಾಗ ಎಲ್ಲಾ ಬರದಿರಲಿಲ್ಲ. ಆಗಸ್ಟ್ ಕಡೀಕ, ಎಂಟು ದಿನಕ್ಕೊಮ್ಮೆ ಬರೂ ನಳದ ನೀರು ಬಂದಿತ್ತು. ‘ನೀವು ಕೂಡ್ರಿ, ನಾ ತರ್ತೇನಿ’ ಅಂದ್ರೂ ಕೇಳದ ಅತ್ತಿ ಹಿತ್ತಾಳಿ ಕೊಡ ಹೊತ್ತು ಬರಾಕತ್ತಿದ್ರು, ಪಾಚಿ ಮ್ಯಾಲೆ ಕಾಲಿಟ್ಟು ಬಿದ್ರು. ಬಲಗಾಲು, ಮೊಣಕಾಲಿನ ಕೆಳಗಿನ ಎಲುಬು ಎರಡು ತುಂಡು. ಓಣಿ ಮಂದಿ ಎಲ್ಲಾ ಕೂಡಿ ‘ಬಿದಿರು ಪಟ್ಟಿ ಕಟ್ಟಾವರ ಕಡೆ ಒಯ್ಯಿ’ ಅಂದ್ರು. ನಾ ಯಾರನ್ನೂ ನಂಬಲಿಲ್ಲ, ದೊಡ್ಡ ದವಾಖಾನಿಗೇ ಒಯ್ದ್ನಿ. ಅಲ್ಲೆ ಪ್ಲಾಸ್ಟರ್ ಹಾಕಿ ಹೆಂಗಸರ ವಾರ್ಡಿನ್ಯಾಗ ಮಲಗಿಸಿದ್ರು. ಬಾಜೂ ಖಾಟಿನ ಮ್ಯಾಲೆ ಅಬೀದಾ ಅಂತ ಒಬ್ಬಾಕಿ, ಹಳೇ ಹುಬ್ಬಳ್ಳಿಯಾಕಿ, ನಲವತ್ತೈದರ ಸುಮಾರು. ಆಕಿ ಟೆಂಪೋದಾಗಿಂದ ಇಳಿಯೂ ಮುಂದ ಬಿದ್ದು ಎಡಗಾಲು ಮುರ್ಕೊಂಡಿದ್ಳು, ಅದ ಜಾಗಾದಾಗ. ಆಕಿ ಗಂಡ ಹುಸೇನಬಾಷಾ ಗಾದಿ ತುಂಬತಾನ, ಆಕಿ ಕಾಲು ಮಶಿನ್ ತುಳದು ಗಾದಿ ಅರಬಿ ಹೊಲೀತಾಳ. ಕಾಲು ಹ್ವಾದ್ರ ಆ ಮನಿ ಅರ್ಧ ನಿಂತಂಗ.

ಮೂರನೇ ದಿನಕ್ಕ ಶಶಿಕಾಂತ ಡಾಕ್ಟರ್ ಅಂತ ಒಬ್ರು ಫೈಲ್ ಹಿಡ್ಕೊಂಡು ಬಂದ್ರು. ಸಣ್ಣ ವಯಸ್ಸು, ಧಾರವಾಡದಾವರು, ಮಾತು ಭಾಳ ಮೆತ್ತಗ. ಮೆತ್ತಗ ಮಾತಾಡಾವರ ಮ್ಯಾಲೆ ನನಗ ಮೊದಲಿಂದ್ಲೂ ಸಂಶೇ. ಅವರು ಹೇಳಿದ್ದು ಹಿಂಗ: ಹೊಸಾ ಗುಳಗಿ ಒಂದು ಬಂದೈತಿ. ಮೊದಲ ಅದನ್ನ ಚರ್ಮ ಕೆಂಪಾಗಿ ಉರದು ಹೊಟ್ಟು ಏಳೂ ಬ್ಯಾನಿಗೆ ಕೊಟ್ಟು ನೋಡ್ಯಾರ. ಆವಾಗ, ಇದರಿಂದ ಮುರದ ಎಲುಬೂ ಲಗೂನ ಕೂಡ್ತಾವೇನೋ ಅಂತ ಅನಿಸೇತಿ. ಖರೇನೋ ಸುಳ್ಳೋ ಇನ್ನೂ ಗೊತ್ತಿಲ್ಲ. ಅದಕ್ಕ ಕಾಲು ಮುರದಾವರೊಳಗ ಅರ್ಧ ಮಂದಿಗೆ ಖರೇ ಗುಳಗಿ, ಅರ್ಧ ಮಂದಿಗೆ ಹಂಗ ಕಾಣೂ ಹಿಟ್ಟಿನ ಗುಳಗಿ ಕೊಟ್ಟು ನೋಡ್ತಾರಂತ. ಪ್ಲಾಸ್ಟರು, ಎಕ್ಸರೇ ಎಲ್ಲಾರಿಗೂ ಒಂದ ನಮೂನಿ. ‘ಯಾರಿಗೆ ಯಾವುದು ಹೊಂಟೈತಿ ಅಂತ ನಿಮಗೂ ಗೊತ್ತಿರೂದಿಲ್ಲ, ನನಗೂ ಗೊತ್ತಿರೂದಿಲ್ರಿ. ಗೊತ್ತಾತಂದ್ರ ನನ್ನ ಕಣ್ಣು ನನಗ ಬೇಕಾದ್ದನ್ನ ನೋಡ್ತಾವು’ ಅಂದ್ರು. ನನಗ ಎದಿ ಧಸಕ್ಕಂತು. ಏನು ಕೊಡಾಕತ್ತೇನಿ ಅಂತ ಗೊತ್ತಿಲ್ಲದ ಡಾಕ್ಟರ್ ಎಂಥಾ ಡಾಕ್ಟರ್ರಿ? ದುರ್ಗದಬೈಲಿನ ಕಿರಾಣಿ ಅಂಗಡ್ಯಾವಗರ ಯಾವ ಪೊಟ್ಟಣದಾಗ ಜೀರಗಿ ಐತಿ, ಯಾವುದರಾಗ ಸಾಸಿವಿ ಐತಿ ಅನ್ನೂದು ಗೊತ್ತಿರ್ತೈತಿ. ಕನ್ನಡದಾಗ ಅಚ್ಚು ಹಾಕಿದ ಎಂಟು ಹಾಳಿ ಕೊಟ್ರು. ಎಂಟೂ ಓದಿದ್ನಿ, ಎರಡೆರಡು ಸಲ ಓದಿದ್ನಿ. ಬ್ಯಾಡ ಅನಿಸಿದ ದಿನ ಬಿಡಬಹುದು ಅಂತಿತ್ತು. ಇಷ್ಟು ಸಡಲ ಬಿಟ್ಟಾರಂದ್ರ ಒಳಗೇನೋ ಐತಿ ಅಂತ ಅದಕ್ಕೂ ನನಗ ಸಂಶೇ ಬಂತು.

ಆದ್ರ ಅತ್ತಿ ಚರ್ಮದ ಮಾತು ಕಿವಿಗೆ ಬಿದ್ದ ಕೂಡ್ಲೆ ಎದ್ದು ಕುಂತ್ರು. ‘ಈ ಮೈಗೂ ಆದೀತೇನ್ರಿ?’ ಅಂತ ಕುಪ್ಪಸದ ತೋಳು ಮ್ಯಾಲೆ ಸರಿಸಿ ತೋರಿಸಿದ್ರು. ಹೊರಗಿನ ಗಂಡಸಿಗೆ ಅವರು ಆ ಮೊಣಕೈ ತೋರಿಸಿದ್ದು ನಾ ಅದ ಮೊದಲ ನೋಡಿದ್ದು. ಡಾಕ್ಟರ್ ನೋಡಿ ‘ಇದು ಸೋರಿಯಾಸಿಸ್ ಐತ್ರಿ, ಅಂಟುರೋಗ ಅಲ್ಲ’ ಅಂದ್ರು. ನಿಮಗ ಗೊತ್ತ ಐತಿ, ಇಪ್ಪತ್ತು ವರ್ಷದಿಂದ ಆ ಕೆಂಪು ಚಕ್ಕಿ, ಅದರ ಮ್ಯಾಲೆ ಬೆಳ್ಳಗ ಹೊಟ್ಟು. ಮದುವಿ ಮನ್ಯಾಗ ಪಂಕ್ತಿಗೆ ಕೂಡೂದಿಲ್ಲ, ಯಾರ ಕೈಲೂ ಬಳಿ ಇಡಿಸ್ಕೊಳ್ಳೂದಿಲ್ಲ, ವಿದ್ಯಾನ ತಲಿ ಬಾಚೂದು ಬಿಟ್ಟು ನಾಕು ವರ್ಷ ಆತು. ರೊಟ್ಟಿ ಬಡಿಯೂದನ್ನೂ ಬಿಟ್ಟಾರ. ನಾ ಅವರ ತಾಟು ಬ್ಯಾರೆ ಇಟ್ಟೇನಿ, ಆ ಅಂಚು ನೆಗ್ಗಿದ್ದು. ಅದು ಅವರ ಅನುಕೂಲಕ್ಕ ಇಟ್ಟದ್ದು, ನೀವು ತಪ್ಪು ತಿಳಕೋಬ್ಯಾಡ್ರಿ. ಅಂಟೂದಿಲ್ಲ ಅಂತ ಡಾಕ್ಟರ್ ಬಾಯಿಲೆ ಹೇಳ್ತಾರ, ತಮ್ಮ ಮನ್ಯಾಗ ಬಾಜೂಕ ಕುಂದರಿಸ್ಕೊಂಡು ಉಣ್ಣಲಿ ನೋಡೂಣು. ಇರ್ಲಿ. ಅತ್ತಿ ಸಹಿ ಮಾಡಿದ್ರು. ‘ಬೀರವ್ವ’ ಅಂತ ಬರಿಯಾಕ ಐದು ನಿಮಿಷ ಹತ್ತಿತು. ಬಾಜೂ ಖಾಟಿನಾಕೀನೂ ಮಾಡಿದ್ಳು. ನಮಗ ಮೂವತ್ತೊಂದನೇ ನಂಬರಿನ ಡಬ್ಬಿ, ಆಕಿಗೆ ಮೂವತ್ತೆರಡು. ದಿನಕ್ಕೊಂದು ಗುಳಗಿ. ಮನಿಗೆ ಬಂದ ಮ್ಯಾಲೆ ಒಂದು ಮಂಗಳವಾರ ಬಿಟ್ಟು ಒಂದು ಮಂಗಳವಾರ ಹೋಗಿ ಹಳೇ ಡಬ್ಬಿ ಕೊಟ್ಟು, ಹದಿನಾಲ್ಕು ಗುಳಗಿ ಇದ್ದ ಹೊಸಾ ಡಬ್ಬಿ ತರೂದು.

ವಾರ್ಡಿನ್ಯಾಗ ಇದ್ದಾಗಿಂದ ನನಗ ಆ ಅಬೀದಾನ ಮ್ಯಾಲೆ ಕಣ್ಣಿತ್ತು. ಹುಸೇನಬಾಷಾ ದಿನಾ ಮಧ್ಯಾಹ್ನ ಕುರಿ ಕಾಲಿನ ಸೂಪು ತರಾವ, ಮುರದ ಎಲುಬಿಗೆ ಛಲೋ ಅಂತ. ಅಬೀದಾ ಅದನ್ನ ತಾನೊಬ್ಬಾಕಿ ಕುಡೀತಿರಲಿಲ್ಲ. ‘ಅಕ್ಕಾ, ಬರ್ರಿ’ ಅಂತ ಅತ್ತಿಗೂ ಕೊಡಾಕಿ, ಅದೂ ತನ್ನ ಬಟ್ಟಲದಾಗ. ರೊಟ್ಟಿ ಮುರದು ಅತ್ತಿ ಕೈಯಾಗಿಟ್ಟು, ಅತ್ತಿ ಮುರದ ತುಂಡು ತಾ ತಿನ್ನಾಕಿ. ನಾ ಒಮ್ಮೆ ನೋಡಿ ಹೌಹಾರಿದ್ನಿ. ಗುರ್ತಿಲ್ಲದ ಮಂದಿ, ಚರ್ಮ ಕೆಟ್ಟ ಮುದುಕಿ ಕೂಡ ಒಂದ ಬಟ್ಟಲದಾಗ ಉಣ್ತಾರಂದ್ರ ಏನೋ ಬೇಕಾಗಿರ್ತೈತಿ, ಸುಮ್ಮ ಸುಮ್ಮನ ಯಾರು ಮಾಡ್ತಾರ? ಅತ್ತಿ ಮಾತ್ರ ಆ ಮೂರು ವಾರ ನಕ್ಕೋತ ಇದ್ರು. ಖಾಟಿನ ಮ್ಯಾಲೆ ಮುರದ ಕಾಲು ಇಟ್ಕೊಂಡು ನಗಾಕತ್ತಿದ್ರು ನೋಡ್ರಿ, ಮನ್ಯಾಗ ಎರಡೂ ಕಾಲು ನೆಟ್ಟಗಿದ್ದಾಗ ನಕ್ಕಿದ್ದು ನಾ ಕಾಣೆ.

ಅಕ್ಟೋಬರ್ ಬರೂದರಾಗ ಒಂದು ವಿಚಿತ್ರ ಆತು. ಅತ್ತಿ ಮೊಣಕೈ ಮ್ಯಾಗಿನ ಹೊಟ್ಟು ಉದುರಿತು. ಕೆಂಪು ಹೋಗಿ ತಿಳಿ ಬಣ್ಣ ಬಂತು, ಮುಟ್ಟಿದ್ರ ಮೆತ್ತಗ. ದಸರಾಕ್ಕ ಗಿಡ್ಡ ತೋಳಿನ ಕುಪ್ಪಸ ತೊಟ್ರು! ಬನ್ನಿ ಕೊಡಾಕ ಓಣ್ಯಾಗಿನ ಮಂದಿ ಬಂದಾಗ ಒಳಗ ಓಡಿ ಹೋಗಲಿಲ್ಲ, ಖುರ್ಚಿ ಮ್ಯಾಲೆ ಕುಂತು ಕೈ ಮುಂದ ಚಾಚಿ ಬನ್ನಿ ಇಸ್ಕೊಂಡ್ರು. ನಾ ಮನಸಿನ್ಯಾಗ ಅಂದ್ನಿ, ಸಿಕ್ತು, ನಮಗ ಖರೇ ಗುಳಗಿ ಸಿಕ್ಕೈತಿ. ಆ ಅಬೀದಾನ ಡಬ್ಯಾಗ ಹಿಟ್ಟು ಇರಬೇಕು. ಪಾಪ ಅನಿಸ್ತು, ಸುಳ್ಳ್ಯಾಕ ಹೇಳ್ಲಿ, ಸ್ವಲ್ಪ ಸಂತೋಷನೂ ಆತು. ಆದ್ರ ಎಲುಬಿನ ಎಕ್ಸರೇ ನೋಡಿ ಡಾಕ್ಟರ್ ‘ಸಾವಕಾಶ ಕೂಡಾಕತ್ತೈತಿ’ ಅಂದ್ರು. ಖರೇ ಗುಳಗಿ ತಿಂದಾವರಿಗೆ ಸಾವಕಾಶ ಯಾಕ? ಅಲ್ಲಿಂದ ಹತ್ತಿತು ನೋಡ್ರಿ ನನಗ ಹುಳ. ಯಾರೋ ನಮ್ಮ ಗುಳಗಿ ಬದಲ ಮಾಡಾಕತ್ತಾರ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.

ನವೆಂಬರ್ ಹದಿನೇಳಕ್ಕ ಹೋದಾಗ ನಾ ಒಂದು ಉಪಾಯ ಮಾಡಿದ್ನಿ. ಡಬ್ಬಿ ನನ್ನ ಕೈಗೆ ಬಂದ ಕೂಡ್ಲೆ ಕಂಬದ ಮರೀಗೆ ನಿಂತು, ಸೀರಿ ಪಿನ್ನು ತಗದು, ಹದಿನಾಲ್ಕೂ ಗುಳಗಿಗೆ ಒಂದೊಂದು ಸಣ್ಣ ಗೀರು ಹಾಕಿದ್ನಿ. ಆಮ್ಯಾಲೆ ಡಬ್ಬಿಯನ್ನ ಬಾಕಿನ ಮ್ಯಾಲೆ ಕುಂತ ಅತ್ತಿ ಉಡ್ಯಾಗ ಇಟ್ಟು ಎಕ್ಸರೇ ಪಾಳಿಗೆ ನಿಂತ್ನಿ. ಮನಿಗೆ ಬಂದು ತಾಟಿನ್ಯಾಗ ಸುರವಿ ನೋಡ್ತೇನಿ, ಹದಿನಾಲ್ಕ ಅದಾವು, ಆದ್ರ ಗೀರು ಇದ್ದದ್ದು ಏಳ! ಉಳದ ಏಳು ಹುಣಿವಿ ಚಂದ್ರನಂಗ ನುಣ್ಣಗ. ಆ ಏಳೂ ಗುಳಗಿ ಎತ್ತಿ ಬಚ್ಚಲ ಮೋರಿಗೆ ಹಾಕಿ ಮ್ಯಾಲೆ ಒಂದು ತಂಬಿಗಿ ನೀರು ಸುರವಿದ್ನಿ. ಯಾವ ಹಿಟ್ಟೋ ಏನೋ, ಅದನ್ನ ಅವರ ಹೊಟ್ಟಿಗೆ ಹಾಕ್ಲೇನು? ಗೀರು ಇದ್ದ ಏಳನ್ನ ಒಂದು ದಿನ ಬಿಟ್ಟು ಒಂದು ದಿನ ಕೊಟ್ನಿ. ನಡುವಿನ ದಿನ ಅವರು ಕೇಳಿದ್ರ ‘ಆಗಳೆ ಕೊಟ್ಟೇನಲ್ರಿ’ ಅಂದ್ನಿ. ಹತ್ತು ದಿನ ಆಗಿರಲಿಲ್ಲ, ಮೊಣಕೈ ಮ್ಯಾಲೆ ಮತ್ತ ಕೆಂಪು ಚಕ್ಕಿ ಎದ್ವು. ಅತ್ತಿ ಕಪಾಟಿನಿಂದ ಉದ್ದ ತೋಳಿನ ಕುಪ್ಪಸ ತಗದು ಹಾಕ್ಕೊಂಡ್ರು. ಖರೇ ಗುಳಗಿ ಅರ್ಧ ಆದದ್ದಕ್ಕ ಹಿಂಗಾತು ಅಂತ ನನಗ ಖಾತ್ರಿ ಆತು.

ಹ್ವಾದ ಮಂಗಳವಾರ, ಡಿಸೆಂಬರ್ ಒಂದಕ್ಕ, ಡಬ್ಬಿ ಅತ್ತಿ ಕೈಯಾಗ ಕೊಟ್ಟು ಪಾಳಿಗೆ ಹೋದಂಗ ಮಾಡಿ ಹಿಂದಿನ ಬಾಗಲದಿಂದ ಬಂದು ಕಂಬದ ಹಿಂದ ನಿಂತ್ನಿ. ಕಂಕಳಾಗಿನ ಕೋಲು ಊರಿಕೋತ ಅಬೀದಾ ಬಂದು ಅತ್ತಿ ಬಾಜೂ ಕುಂತ್ಳು. ಆ ಕಡೆ ಈ ಕಡೆ ನೋಡಿದ್ರು. ಅತ್ತಿ ಡಬ್ಬಿ ಮುಚ್ಚಳಾ ತಗದ್ರು, ಆಕಿ ಕೈ ಒಳಗ ಹೋತು. ನನಗ ತಲಿ ತಿರಗಿತು. ಓಡಿ ಹೋಗಿ ಆಕಿ ಮುಂಗೈ ಹಿಡದು ‘ಕಳ್ಳೀ! ಮುದುಕಿ ಔಷಧಿ ಕದ್ದು ತಿಂತೀ? ಅದಕ್ಕ ಒಂದ ಬಟ್ಟಲದಾಗ ಉಣಿಸಿದ್ಯಾ?’ ಅಂತ ಒದರಿದ್ನಿ. ಇಡೀ ವರಾಂಡಾ ತಿರಗಿ ನೋಡ್ತು. ಆಕಿ ಒಂದ ಮಾತು ಆಡ್ಲಿಲ್ಲ. ಮುಷ್ಟಿ ಬಿಚ್ಚಿ ಏಳು ಗುಳಗಿ ಅತ್ತಿ ಉಡ್ಯಾಗ ಹಾಕಿದ್ಳು, ಸೆರಗು ತಲಿಮ್ಯಾಲೆ ಎಳಕೊಂಡು ನೆಲ ನೋಡ್ಕೋತ ಕುಂತ್ಳು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರಂತ. ತಪ್ಪಿಲ್ಲದಾಕಿ ಆಗಿದ್ರ ತಿರಗಿ ನನ್ನ ಜುಟ್ಟು ಹಿಡೀತಿರಲಿಲ್ಲೇನು? ನೀವ ಹೇಳ್ರಿ.

ಆಟೋದಾಗ ಅತ್ತಿ ಬಾಯಿ ಬಿಟ್ರು. ‘ಆಕಿ ಕದ್ದಿಲ್ಲ. ನಾ ಏಳು ಕೊಡ್ತೇನಿ, ಆಕಿ ಏಳು ಕೊಡ್ತಾಳ. ವಾರ್ಡಿನ್ಯಾಗಿಂದ ಹಂಗ ಮಾಡೇವಿ. ಒಬ್ಬರ ಡಬ್ಯಾಗ ಔಷಧಿ, ಒಬ್ಬರ ಡಬ್ಯಾಗ ಹಿಟ್ಟು ಇದ್ರ? ಒಬ್ಬರು ನಡದು ಒಬ್ಬರು ಕುಂಟಬೇಕೇನು? ಇಬ್ಬರಿಗೂ ಅರ್ಧರ ಮುಟ್ಟಲಿ ಅಂತ ನಾನ ಹೇಳಿದ್ನಿ.’ ಕೇಳಿದ್ರೇನ್ರಿ? ಸಂಕ್ರಾಂತಿಗೆ ಎಳ್ಳು ಬೀರಿದಂಗ ಔಷಧಿ ಬೀರ್ಯಾರ! ನಿಮ್ಮ ಮನಿತನದ ಚಟ ಅಂದ್ನೆಲ್ಲ, ಇದ. ನಾ ಅಂದ್ನಿ, ‘ಮೈ ತಿಳಿ ಆದದ್ದು ನಿಮ್ದು, ಆಕಿದಲ್ಲ. ಖರೇ ಔಷಧಿ ನಮ್ಮದು. ಆಕಿ ಅದನ್ನ ಕಣ್ಣಾರೆ ನೋಡಿದ ಮ್ಯಾಲೂ ತನ್ನ ಹಿಟ್ಟು ನಿಮಗ ಕೊಟ್ಟು ನಿಮ್ಮ ಔಷಧಿ ತಾ ತಿಂದಾಳ. ಅದಕ್ಕ ನಿಮ್ಮ ಎಲುಬು ಕೂಡವಲ್ದು.’ ಅತ್ತಿ ನನ್ನ ಮುಖ ನೋಡಿ, ‘ಆಕಿ ಬ್ಯಾಡಂದ್ಲು. ದಸರಾ ಆದ ಮ್ಯಾಲೆ ಎರಡು ಸಲ ಬ್ಯಾಡಂದ್ಲು. ನಾನ ಆಣಿ ಹಾಕಿ ಕೊಟ್ನಿ. ಇಪ್ಪತ್ತು ವರ್ಷದಾಗ ನನ್ನ ಕೈಯಾಗಿನ ತುತ್ತು ತಿಂದಾಕಿ ಆಕಿ ಒಬ್ಬಾಕಿ. ನೀ ಆಕಿಗೆ ಕಳ್ಳಿ ಅಂದಿ. ಇನ್ನ ನಿನ್ನ ಕೈಲೆ ನನಗ ನೀರೂ ಬ್ಯಾಡ’ ಅಂದ್ರು. ಅಷ್ಟ. ಅಲ್ಲಿಂದ ಮಾತಿಲ್ಲ.

ಇದರಾಗ ನನ್ನದೇನು ತಪ್ಪು ಹೇಳ್ರಿ? ಬುಧವಾರ ನಾನೊಬ್ಬಾಕಿನ ಹೋಗಿ ಶಶಿಕಾಂತ ಡಾಕ್ಟರಿಗೆ ಎಲ್ಲಾ ಹೇಳಿದ್ನಿ. ಮೋರಿಗೆ ಹಾಕಿದ್ದೊಂದು ಬಿಟ್ಟು. ಅದು ಅವರಿಗ್ಯಾಕ ಬೇಕು? ಅವರ ಮುಖ ಬೆಳ್ಳಗಾತು. ‘ಮೂರು ತಿಂಗಳಿಂದೇನ್ರಿ?’ ಅಂತ ಎರಡು ಸಲ ಕೇಳಿದ್ರು. ಸಿಟ್ಟು ಮಾಡಲಿಲ್ಲ, ಫೈಲ್ ಮುಚ್ಚಿ ಬಾಜೂಕ ಇಟ್ರು. ಇನ್ನ ಇವರಿಬ್ಬರದೂ ಅವರ ಗುಳಗಿ ಪರೀಕ್ಷಾದ ಲೆಕ್ಕಕ್ಕ ಬರೂದಿಲ್ಲಂತ. ಮುಂದ ಸರಿಯಾಗಿ ಔಷಧಿ ಕೊಡಬೇಕಂದ್ರ ಯಾರು ಏನು ತಿಂದಾರ ಅನ್ನೂದು ಗೊತ್ತಾಗಬೇಕು, ಅದಕ್ಕ ದೊಡ್ಡ ಡಾಕ್ಟರ್ ಪರವಾನಗಿ ತೊಗೊಂಡು, ಯಾವ ಡಬ್ಯಾಗ ಏನೈತಿ ಅಂತ ಬರದು ಮುಚ್ಚಿಟ್ಟ ಇಬ್ಬರ ಲಕೋಟಿ ಒಡೀತಾರಂತ. ನಾಳೆ ಮಂಗಳವಾರ ಎಲ್ಲಾರ್ನೂ ಕರದಾರ, ಆಕಿ ಗಂಡನ್ನೂ ಕರದಾರ. ನಾಳೆ ಮೂವತ್ತೊಂದನೇ ಡಬ್ಬಿ ಖರೇ ಅಂತ ಡಾಕ್ಟರ್ ಬಾಯಿಂದ ಬರ್ಲಿ, ಆಮ್ಯಾಲೆ ನೋಡ್ರಿ. ಎಲ್ಲಾರ ಮುಂದ ಆಕಿ ಅತ್ತಿಗೆ ತಪ್ಪಾತು ಅನ್ನಬೇಕು. ಅತ್ತಿ ನನಗ ಅನ್ನಬೇಕು ಅಂತ ನಾ ಕೇಳೂದಿಲ್ಲ, ನನ್ನ ಕೈಲೆ ಒಂದು ರೊಟ್ಟಿ ಇಸ್ಕೊಂಡ್ರ ಸಾಕು. ಆರು ದಿನ ಆತು, ನನಗೂ ಅನ್ನ ಗಂಟಲದಾಗ ಇಳಿವಲ್ದು. ನಾ ಅವರ ವೈರಿ ಅಲ್ಲ ಅನ್ನೂದು ಅವರಿಗೆ ಯಾರು ತಿಳಿಸಿ ಹೇಳಬೇಕು?

ನೀವು ಹೇಳಬೇಕು. ಈ ಪತ್ರ ಮುಟ್ಟಿದ ದಿನ ಎರಡು ಕೆಲಸಾ ಮಾಡ್ರಿ. ನಿಮ್ಮ ಅವ್ವಾರಿಗೆ ಒಂದು ಪತ್ರ ಬರೀರಿ, ಸ್ವಲ್ಪ ಬಿರುಸಾಗಿ ಬರೀರಿ, ಸೊಸಿ ಮಾತು ಕೇಳ್ರಿ ಅಂತ. ಇನ್ನೊಂದು, ದವಾಖಾನಿಗೆ ಒಂದು ತಕರಾರು ಬರೀರಿ, ಮಿಲ್ಟ್ರಿ ಮುದ್ರಿ ಇದ್ದ ಹಾಳಿ ಮ್ಯಾಲೆ, ಅಂಥಾ ಮಂದಿನ್ನ ನಮ್ಮ ಬಾಜೂ ಖಾಟಿಗೆ ಯಾಕ ಹಾಕಿದ್ರಿ ಅಂತ. ಸಂಕ್ರಾಂತಿಗೆ ರಜಾ ಸಿಕ್ಕೇ ಸಿಗ್ತೈತಿ ಅಂತ ಬರದಿದ್ರಿ. ‘ಸಿಕ್ಕೇ ಸಿಗ್ತೈತಿ’ ಅಂದ್ರ ಸಿಗೂದಿಲ್ಲ ಅಂತ ನಾ ತಿಳ್ಕೊಂಡೇನಿ. ಸಿಕ್ರ ಛಲೋ. ರಾತ್ರಿ ಲಾರಿ ಹೊಡಿಯೂ ಮುಂದ ಕಿವಿ ಕಟ್ಕೊಳ್ರಿ. ವಿದ್ಯಾ ನಿಮಗ ಗಣಿತದ ಪೇಪರ್ ಕಳಿಸ್ತೇನಂತ ಹಟ ಹಿಡದಾಳ, ಇದರ ಜೋಡಿ ಇಟ್ಟೇನಿ. ಫಕೀರೇಶಜ್ಜ ನಿಮ್ಮನ್ನ ಕಾಯ್ಲಿ.

ನಿಮ್ಮ ದಾರಿ ಕಾಯಾಕಿ,
ದ್ರಾಕ್ಷಾಯಿಣಿ

ತಾ.ಕ. — ಮಂಗಳವಾರ, ಸಂಜಿ ನಾಕು. ಅಂಚಿ ಡಬ್ಬಿ ತಗಿಯಾವ ಐದಕ್ಕ ಬರ್ತಾನ, ಅವಸರದಾಗ ಬರ್ಯಾಕತ್ತೇನಿ. ಮ್ಯಾಲೆ ಬರದದ್ದನ್ನೆಲ್ಲ ಹರದು ಹಾಕೂಣು ಅಂದ್ನಿ. ಹರೀಲಿಲ್ಲ. ನಿಮ್ಮ ಹೇಣ್ತಿ ಎಂಥಾಕಿ ಅನ್ನೂದು ನಿಮಗೂ ಗೊತ್ತಿರ್ಲಿ.

ಲಕೋಟಿ ಒಡದ್ರು. ಮೂವತ್ತೊಂದನೇ ಡಬ್ಬಿ, ನಮ್ಮದು, ಹಿಟ್ಟು. ಮೊದಲನೇ ದಿನದಿಂದ ಬರೇ ಹಿಟ್ಟು. ಔಷಧಿ ಇದ್ದದ್ದು ಅಬೀದಾನ ಡಬ್ಯಾಗ. ನಾ ಚೀಟಿ ಇಸ್ಕೊಂಡು ನಂಬರ್ ನಾನ ಓದಿದ್ನಿ, ಎರಡು ಸಲ ಓದಿದ್ನಿ. ಅತ್ತಿ ಮೈ ತಿಳಿ ಆದದ್ದು ಆಕಿ ಕೊಟ್ಟ ಏಳೇಳು ಗುಳಗಿಯಿಂದ. ನಾ ಗೀರು ಹಾಕಿ ಕಾದದ್ದು ಹಿಟ್ಟಿನ ಗುಳಗಿ, ಮೋರಿಗೆ ಹಾಕಿದ್ದು ಔಷಧಿ. ‘ಹ್ವಾದ ಹದಿನೈದು ದಿನದಾಗ ಮೈ ಮತ್ತ ಯಾಕ ಎದ್ದೈತಿ?’ ಅಂತ ಡಾಕ್ಟರ್ ತಮಗ ತಾವ ಕೇಳ್ಕೊಳಾಕತ್ತಿದ್ರು. ಯಾರಿಗೂ ಗೊತ್ತಿರಲಿಲ್ಲ, ನನಗಷ್ಟ ಗೊತ್ತಿತ್ತು. ಸುಮ್ಮನಿದ್ರ ನಡೀತಿತ್ತು. ನನ್ನಿಂದ ಆಗಲಿಲ್ರಿ. ಎದ್ದು ನಿಂತು ಹೇಳಿದ್ನಿ. ‘ಅಬೀದಾ ಅಕ್ಕಾ, ನಿಮ್ಮ ಔಷಧಿ ನನ್ನ ಕೈಯಾರೆ ಮೋರಿಗೆ ಚೆಲ್ಲೇನಿ, ಚೆಲ್ಲಿ ಬಂದು ನಿಮಗ ಕಳ್ಳಿ ಅಂದೇನಿ’ ಅಂದ್ನಿ. ಸೆರಗು ಬಾಯಿಗೆ ಇಟ್ಕೊಂಡು ಅತ್ನಿ.

ಆಕಿ ಅವತ್ತು ಯಾಕ ಬಾಯಿ ತಗೀಲಿಲ್ಲ ಗೊತ್ತೇನ್ರಿ? ಆಕೀನೂ ನನ್ನಂಗ ತಿಳ್ಕೊಂಡಿದ್ಳು. ಬೀರವ್ವಕ್ಕನ ಖರೇ ಔಷಧಿ ತಾ ತಿನ್ನಾಕತ್ತೇನಿ ಅಂತ ದಿನಾ ಹೆದರಿಕೋತ ತಿಂದಾಳ. ಚೀಟಿ ಓದಿದ ಮ್ಯಾಲೆ ಹುಸೇನಬಾಷಾ ಹೇಣ್ತಿ ಕಾಲು ನೋಡ್ಕೋತ ಕುಂತಿದ್ದ. ಅಬೀದಾ ಅತ್ತಿ ಮೊಣಕೈ ಸವರಿ ‘ಅಕ್ಕಾ, ದಸರಾಕ್ಕ ಗಿಡ್ಡ ತೋಳು ತೊಟ್ರೆಲ್ಲ, ಅದು ನಂದ ಐತಿ ಹಂಗಾರ’ ಅಂತ ನಕ್ಳು. ಆಕಿ ಎಲುಬು ಕೂಡಿಲ್ರಿ. ಟೊಂಕದ ಎಲುಬು ಸ್ವಲ್ಪ ತಗದು ಅಲ್ಲಿ ಇಡಬೇಕಂತ, ಆಪರೇಶನ್ ಬರೂ ಶುಕ್ರವಾರ. ಗುಳಗಿ ಪೂರಾ ತಿಂದಿದ್ರ ಕೂಡತಿತ್ತೇನ್ರಿ ಅಂತ ಕೇಳಿದ್ನಿ. ‘ಅದನ್ನ ತಿಳ್ಕೊಳ್ಳಾಕ ಕುಂತಿದ್ವಿ, ಈಗ ಇವರ ಕಾಲಿನಿಂದ ಅದು ತಿಳಿಯೂದಿಲ್ಲ’ ಅಂದ್ರು ಡಾಕ್ಟರ್. ಅತ್ತಿದು ಪ್ಲಾಸ್ಟರಿನ್ಯಾಗ ತಾನ ಕೂಡ್ತೈತಂತ, ಇನ್ನೊಂದು ತಿಂಗಳು ಬೇಕು. ಆ ಮೆತ್ತನ್ನ ಮಾತಿನ ಮನಷ್ಯಾನ ಮೂರು ತಿಂಗಳ ಕೆಲಸಾನೂ ಹಾಳಾತು. ನನಗ ಒಂದು ಬಿರುಸು ಮಾತೂ ಅನ್ನಲಿಲ್ಲ.

ಅದಕ್ಕ ಮ್ಯಾಲೆ ಹೇಳಿದ ಎರಡೂ ಪತ್ರ ಬರೀಬ್ಯಾಡ್ರಿ. ಒಂದ ಬರೀರಿ, ಹಳೇ ಹುಬ್ಬಳ್ಳಿಗೆ, ಗಾದಿ ಹುಸೇನಬಾಷಾನ ಮನಿ ಅಂದ್ರ ಮುಟ್ತೈತಿ. ಅಬೀದಾನ ಹೆಸರಿಗೆ ಬರೀರಿ, ಅಕ್ಕಾ ಅಂತ ಬರೀರಿ. ನಾಳೆಯಿಂದ ವಿದ್ಯಾನ ಸಾಲಿಗೆ ಬಿಟ್ಟು ನಾ ಅಲ್ಲಿಗೆ ಹೋಗಿ ಆಕಿ ಮಶಿನ್ ತುಳೀತೇನಿ, ಆಕಿ ಎದ್ದು ಕೂಡೂತನಾ. ‘ಸಂಶೇ ಬಂದ್ರ ಹೊಲಿಗಿ ಎಣಿಸಿ ನೋಡ್ಕೋ’ ಅಂತ ಹೇಳ್ಯಾಳ, ಕಾಡಾಕ.

ಇಷ್ಟು ಬರಿಯೂದರಾಗ ಅತ್ತಿ ಒಲಿ ಮುಂದ ಮಣಿ ಹಾಕಿಸ್ಕೊಂಡು, ಕಾಲು ಚಾಚಿ ಕುಂತು ತಾವ ರೊಟ್ಟಿ ಬಡ್ಯಾಕತ್ತಾರ. ಚಕ್ಕಿ ಎದ್ದ ಕೈಯಿಂದನ, ತೋಳು ಮ್ಯಾಲೆ ಸರಿಸಿ. ‘ಬರದದ್ದು ಸಾಕು, ರೊಟ್ಟಿ ಆರ್ತಾವು’ ಅಂತ ಒದರಾಕತ್ತಾರ. ಆ ಅಂಚು ನೆಗ್ಗಿದ ತಾಟು ನಮ್ಮಿಬ್ಬರ ನಡುವ ಇಟ್ಟೇನಿ. ಇನ್ನೊಂದು ತಾಟು ತಗದಿಲ್ಲ.